ಭೂತಾನ್ ಫುಟ್‌ಬಾಲ್: ‘ಇವರು ಯಾವತ್ತಾದ್ರೂ ಗೆದ್ದಿದ್ದಾರಾ?’

ಪ್ರಶ್ನೆ: 2023ರ ಜೂನ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿ ನಡೆದಾಗ ಮಗಳನ್ನು ಕರೆದುಕೊಂಡು ಭೂತಾನ್–ಬಾಂಗ್ಲಾದೇಶ ಪಂದ್ಯಕ್ಕೆ ಹೋಗಿದ್ದೆ. ಭೂತಾನ್ ಮೊದಲು ಗೋಲು ಹೊಡೆಯಿತು, ಆಮೇಲೆ 3–1ರಿಂದ ಸೋತಿತು. ಮಗಳು ಕೇಳಿದಳು, ‘ಇವರು ಯಾವತ್ತಾದ್ರೂ ಗೆದ್ದಿದ್ದಾರಾ?’ ನನಗೆ ಉತ್ತರ ಗೊತ್ತಿರಲಿಲ್ಲ. ಒಮ್ಮೆ 20–0ರಿಂದ ಸೋತಿದ್ದರು ಎಂದು ಕೇಳಿದ್ದೇನೆ. ಇಷ್ಟು ಸೋಲುವ ತಂಡದ ಕಥೆ ಏನು?

ಉತ್ತರ: ಗೆದ್ದಿದ್ದಾರೆ ಎಂದು ಮಗಳಿಗೆ ಧೈರ್ಯವಾಗಿ ಹೇಳಿ. ಒಮ್ಮೆ 6–0ರಿಂದ ಗೆದ್ದಿದ್ದೂ ಉಂಟು. ಆ 20–0 ಕೂಡ ನಿಜವೇ. ಆದರೆ ಭೂತಾನ್ ತಂಡದ ಸ್ಕೋರು ಎಲ್ಲಿ ಕಂಡರೂ ನಾನು ಮೊದಲು ನೋಡುವುದು ಪಂದ್ಯ ಯಾವ ಊರಲ್ಲಿ ನಡೆಯಿತು ಅನ್ನೋದನ್ನು. ಅದು ಗೊತ್ತಾಗದೆ ಈ ತಂಡ ಅರ್ಥವಾಗುವುದಿಲ್ಲ. ಹಾಗಾಗಿ ಮೈದಾನದಿಂದಲೇ ಶುರು ಮಾಡುತ್ತೇನೆ.

ರಾಜಧಾನಿ ಥಿಂಪು ಪಟ್ಟಣದ ಕೆಳಭಾಗದಲ್ಲಿ, ನದಿಯ ಪಕ್ಕಕ್ಕೆ ಚಾಂಗ್ಲಿಮಿಥಾಂಗ್ ಎಂಬ ಬಯಲಿದೆ. 1885ರಲ್ಲಿ ಅಲ್ಲೊಂದು ಯುದ್ಧ ನಡೆಯಿತು. ಅದರಲ್ಲಿ ಗೆದ್ದ ಉಗ್ಯೆನ್ ವಾಂಗ್‌ಚುಕ್ ಮುಂದೆ ಭೂತಾನಿನ ಮೊದಲ ರಾಜನಾದ. 1974ರಲ್ಲಿ ನಾಲ್ಕನೇ ರಾಜನ ಪಟ್ಟಾಭಿಷೇಕಕ್ಕೆಂದು ಅದೇ ಜಾಗದಲ್ಲಿ ಕ್ರೀಡಾಂಗಣ ಕಟ್ಟಿದರು. ದೇಶದ ಫುಟ್‌ಬಾಲ್ ತಂಡಕ್ಕೆ ಇವತ್ತಿಗೂ ತವರು ಅಂದರೆ ಅದೇ. ಪಕ್ಕದಲ್ಲೇ ಬಿಲ್ಲುಗಾರರ ಮೈದಾನವಿದೆ. ಬಿಲ್ಲುಗಾರಿಕೆ ಅಲ್ಲಿನ ರಾಷ್ಟ್ರೀಯ ಕ್ರೀಡೆ. ಗುರಿ ಇರುವುದು ಸುಮಾರು 145 ಮೀಟರ್ ದೂರದಲ್ಲಿ, ಅಂದರೆ ಫುಟ್‌ಬಾಲ್ ಮೈದಾನದ ಉದ್ದಕ್ಕಿಂತಲೂ ಜಾಸ್ತಿ. ಬಾಣ ತಾಗಿದರೆ ತಂಡದವರೆಲ್ಲ ಸಾಲಾಗಿ ನಿಂತು ಹಾಡುತ್ತಾ ಹೆಜ್ಜೆ ಹಾಕುತ್ತಾರೆ. ಅಂಥ ಊರಿಗೆ ಫುಟ್‌ಬಾಲ್ ಬಂದಿದ್ದು ತಡವಾಗಿ, 1950ರ ದಶಕದಲ್ಲಿ. ತಂದವರು ಶಾಲೆಗಳಲ್ಲಿ ಪಾಠ ಹೇಳಲು ಬಂದ ಮೇಷ್ಟ್ರುಗಳು. ಅವರಲ್ಲಿ ಭಾರತದಿಂದ ಹೋದವರೂ ಇದ್ದರು.

ದೇಶದ ಹೆಸರಿನಲ್ಲಿ ಮೊದಲ ಪಂದ್ಯ ಆಡಿದ್ದು 1982ರ ಏಪ್ರಿಲ್‌ನಲ್ಲಿ, ಕಠ್ಮಂಡುವಿನಲ್ಲಿ. ನೇಪಾಳದ ಎದುರು 3–1ರಿಂದ ಸೋಲು. ಮರುವರ್ಷ ಫುಟ್‌ಬಾಲ್ ಫೆಡರೇಶನ್ ಹುಟ್ಟಿತು. ದಕ್ಷಿಣ ಏಷ್ಯಾ ಕ್ರೀಡಾಕೂಟಗಳಲ್ಲಿ ನಾಲ್ಕಾರು ಪಂದ್ಯ ಆಡಿದರು, ಸೋತರು. 1987ರ ನಂತರ ಹತ್ತು ವರ್ಷಕ್ಕೂ ಮೀರಿ ತಂಡ ಹೊರಗೆ ಕಾಣಿಸಿಕೊಳ್ಳಲೇ ಇಲ್ಲ. ದುಡ್ಡಿಲ್ಲ, ಕರೆಯುವವರಿಲ್ಲ, ಹೋಗಬೇಕೆಂಬ ಆತುರವೂ ಇಲ್ಲ. ಒಂದು ಪೀಳಿಗೆಯ ಆಟಗಾರರು ದೇಶದ ಅಂಗಿ ತೊಡದೆಯೇ ಕಳೆದುಹೋದರು.

ಮತ್ತೆ ಬಿಸಿ ಹತ್ತಿದ್ದು 1998ರಲ್ಲಿ. ಆಗ ಭೂತಾನಿನಲ್ಲಿ ಟೀವಿ ಪ್ರಸಾರವೇ ಇರಲಿಲ್ಲ. ಆ ವರ್ಷ ಫ್ರಾನ್ಸ್ ಮತ್ತು ಬ್ರೆಜಿಲ್ ನಡುವಿನ ವಿಶ್ವಕಪ್ ಫೈನಲನ್ನು ಇದೇ ಚಾಂಗ್ಲಿಮಿಥಾಂಗ್‌ನಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿದರು. ಜನಕ್ಕೆ ಹುಚ್ಚು ಹಿಡಿಯಿತು. ಮರುವರ್ಷ, 1999ರ ಜೂನ್‌ನಲ್ಲಿ, ದೇಶಕ್ಕೆ ಟೀವಿ ಬಂತು. ಟೀವಿ ಬರಲು ಆ ಪಂದ್ಯವೂ ಒಂದು ಕಾರಣ ಎಂದು ಈಗಲೂ ಹೇಳುತ್ತಾರೆ.

ಇನ್ನು ನೀವು ಕೇಳಿದ 20–0. ಅದು 2000ದ ಫೆಬ್ರವರಿ 14, ಏಷ್ಯಾ ಕಪ್ ಅರ್ಹತಾ ಸುತ್ತು, ಎದುರಾಳಿ ಕುವೈತ್. ಆಡಿದ್ದು ಕುವೈತಿನಲ್ಲೇ. ಆಗ ಅದು ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲೇ ಅತಿ ದೊಡ್ಡ ಅಂತರದ ಸೋಲು. ಸುಮಾರು ಹದಿನಾಲ್ಕು ತಿಂಗಳು ಆ ಹೆಸರು ಭೂತಾನ್‌ಗೇ ಅಂಟಿಕೊಂಡಿತ್ತು. 2001ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದವರು ಟೋಂಗಾವನ್ನು 22–0, ಎರಡೇ ದಿನದ ಮೇಲೆ ಅಮೆರಿಕನ್ ಸಮೋವಾವನ್ನು 31–0ರಿಂದ ಹೊಡೆದ ಮೇಲೆ ಭೂತಾನ್ ಬಚಾವಾಯಿತು. ಕುವೈತ್ ಪಂದ್ಯದ ಹೊತ್ತಿಗೆ ಭೂತಾನ್ ಫೀಫಾ ಸದಸ್ಯನೂ ಆಗಿರಲಿಲ್ಲ ಅನ್ನೋದನ್ನು ಮರೆಯಬಾರದು. ಸದಸ್ಯತ್ವ ಸಿಕ್ಕಿದ್ದು ಅದೇ ವರ್ಷ ಜೂನ್‌ನಲ್ಲಿ. ಕುವೈತ್ 1982ರಲ್ಲೇ ವಿಶ್ವಕಪ್ ಆಡಿ ಬಂದ ದೇಶ. ಬೆಟ್ಟದಿಂದ ಇಳಿದು ಬಂದ ಹುಡುಗರಿಗೂ ಅವರಿಗೂ ಯಾವ ಜೋಡಿ, ಹೇಳಿ?

ಎರಡು ವರ್ಷದ ನಂತರ ನಡೆದದ್ದು ನನಗೆ ಬಹಳ ಇಷ್ಟವಾದ ಪಂದ್ಯ. 2002ರ ವಿಶ್ವಕಪ್‌ಗೆ ನೆದರ್‌ಲೆಂಡ್ಸ್ ಅರ್ಹತೆ ಪಡೆದಿರಲಿಲ್ಲ. ಅಲ್ಲಿನ ಒಂದು ಜಾಹೀರಾತು ಕಂಪನಿಯವರಿಗೆ ಬೇಜಾರು. ಜಗತ್ತಿನ ಅತ್ಯುತ್ತಮ ತಂಡಗಳು ಫೈನಲ್ ಆಡುವ ದಿನವೇ ಕೊನೆಯ ಎರಡು ತಂಡಗಳನ್ನೂ ಆಡಿಸಿದರೆ ಹೇಗೆ ಎಂಬ ಯೋಚನೆ ಬಂತು. ಫೀಫಾ ಪಟ್ಟಿಯಲ್ಲಿ ಆಗ 202ನೇ ಜಾಗದಲ್ಲಿ ಭೂತಾನ್, 203ರಲ್ಲಿ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ಮಾಂಟ್‌ಸೆರಾಟ್. ಅಲ್ಲಿ 1995ರಿಂದ ಜ್ವಾಲಾಮುಖಿ ಸಿಡಿದು ರಾಜಧಾನಿ ಪ್ಲಿಮತ್ ಬೂದಿಯಡಿ ಹೂತುಹೋಗಿತ್ತು. ಅರ್ಧಕ್ಕಿಂತ ಜಾಸ್ತಿ ಜನ ದ್ವೀಪ ಬಿಟ್ಟಿದ್ದರು. ಸಮುದ್ರದ ಮಟ್ಟದಲ್ಲಿ ಬದುಕಿದವರು ಅರ್ಧ ಭೂಮಿ ಸುತ್ತಿ, ಹಲವು ವಿಮಾನ ಬದಲಿಸಿ, ಸುಮಾರು 2,300 ಮೀಟರ್ ಎತ್ತರದ ಥಿಂಪುವಿಗೆ ಬಂದರು.

ಜೂನ್ 30. ಆ ಕಡೆ ಜಪಾನಿನ ಯೊಕೊಹಾಮಾದಲ್ಲಿ ಬ್ರೆಜಿಲ್–ಜರ್ಮನಿ ಫೈನಲ್. ಈ ಕಡೆ ಚಾಂಗ್ಲಿಮಿಥಾಂಗ್‌ನಲ್ಲಿ ಗ್ಯಾಲರಿ ಭರ್ತಿ. ಸೀಟಿ ಊದಲು ಇಂಗ್ಲೆಂಡಿನಿಂದ ಸ್ಟೀವ್ ಬೆನೆಟ್ ಎಂಬ ರೆಫರಿ ಬಂದಿದ್ದರು. ಭೂತಾನ್ ಬೆಂಚಿನಲ್ಲಿ ಡಚ್ ಕೋಚ್ ಆರಿ ಸ್ಕಾನ್ಸ್. ಶುರುವಾಗಿ ಐದು ನಿಮಿಷದಲ್ಲೇ ವಾಂಗೆ ದೋರ್ಜಿ ಗೋಲು ಹೊಡೆದ. ಆಮೇಲೆ ಇನ್ನೂ ಎರಡು ಹೊಡೆದ. ದಿನೇಶ್ ಛೆಟ್ರಿಯದೊಂದು ಸೇರಿ 4–0. ಇದೇ ಭೂತಾನಿನ ಮೊದಲ ಗೆಲುವು. ಹೊರಗಿನವರು ಇದನ್ನು ತಮಾಷೆಯ ಪಂದ್ಯ ಎಂದು ನೆನಪಿಟ್ಟಿದ್ದಾರೆ. ಭೂತಾನಿಗರಿಗೆ ಅದು ತಮಾಷೆ ಆಗಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಗೆಲ್ಲದ ತಂಡ ಅದು.

ಮರುವರ್ಷ, 2003ರ ಏಪ್ರಿಲ್‌ನಲ್ಲಿ, ಅದೇ ಮೈದಾನದಲ್ಲಿ ಗುವಾಮ್ ತಂಡವನ್ನು 6–0ರಿಂದ ಸೋಲಿಸಿದರು. ಏಷ್ಯಾ ಕಪ್ ಅರ್ಹತೆಯ ಮುಂದಿನ ಸುತ್ತಿಗೂ ಹೋದರು. ಆ ಸುತ್ತಿನ ಪಂದ್ಯಗಳು ನಡೆದಿದ್ದು ಸೌದಿಯ ಜೆಡ್ಡಾದಲ್ಲಿ. ಸೌದಿ ಅರೇಬಿಯಾ, ಯೆಮೆನ್, ಇಂಡೊನೇಷ್ಯಾ ಎದುರು ಆರು ಪಂದ್ಯ, ಆರೂ ಸೋಲು, ಒಂದೂ ಗೋಲಿಲ್ಲ. ಥಿಂಪುವಿನಲ್ಲಿ ಆರು ಗೋಲು ಹೊಡೆದವರು ಮರಳುಗಾಡಿಗೆ ಇಳಿದಾಗ ಹೀಗೆ.

2008ರ ಸ್ಯಾಫ್ ಟೂರ್ನಿ ಮಾತ್ರ ಬೇರೆ ಥರ. ಹೊರದೇಶದಲ್ಲಿ ಆಡಿ ಅಫ್ಘಾನಿಸ್ತಾನವನ್ನು 3–1ರಿಂದ ಸೋಲಿಸಿದರು, ಮೊದಲ ಸಲ ಸೆಮಿಫೈನಲ್ ತಲುಪಿದರು. ಮಾಲ್ಡೀವ್ಸ್ ರಾಜಧಾನಿ ಮಾಲೆಯಲ್ಲಿ ಎದುರಾಳಿ ನಮ್ಮ ಭಾರತ. ಮೊದಲ ಗೋಲು ಹೊಡೆದದ್ದು ಭೂತಾನ್. ಸುನಿಲ್ ಛೆಟ್ರಿ ಸಮ ಮಾಡಿದರು. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಇನ್ನೇನು ಪೆನಾಲ್ಟಿಗಳೇ ಎನ್ನುವ ಕೊನೆಯ ಗಳಿಗೆಯಲ್ಲಿ ಗೌರಮಾಂಗಿ ಸಿಂಗ್ ಗೋಲು. 2–1. ಭಾರತ ಉಸಿರು ಬಿಟ್ಟಿತು. ಈ ಪಂದ್ಯ ನಮ್ಮಲ್ಲಿ ಯಾರಿಗೂ ನೆನಪಿಲ್ಲ, ಭೂತಾನಿನ ಹಳೆಯ ಆಟಗಾರರು ಮರೆತಿರಲಿಕ್ಕಿಲ್ಲ.

ಇಲ್ಲಿಂದ ಏರಬೇಕಿತ್ತು ಅಲ್ವಾ? ಇಳಿದರು. 2013ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನ ಸ್ಯಾಫ್‌ನಲ್ಲಿ ಮಾಲ್ಡೀವ್ಸ್ ಎದುರು 8–2, ಅಫ್ಘಾನಿಸ್ತಾನದ ಎದುರು 3–0, ಶ್ರೀಲಂಕಾ ಎದುರು 5–2 ಸೋಲು. ಅದಾದ ಮೇಲೆ ಒಂದೂವರೆ ವರ್ಷ ಒಂದು ಪಂದ್ಯವೂ ಇಲ್ಲ. 2015ರ ಹೊತ್ತಿಗೆ ಫೀಫಾ ಪಟ್ಟಿಯಲ್ಲಿ 209 ದೇಶಗಳಲ್ಲಿ ಅವರದು 209ನೇ ಜಾಗ.

‘ಜಗತ್ತಿನ ಅತಿ ಕೆಟ್ಟ ತಂಡ’ ಎಂದು ಪತ್ರಿಕೆಗಳು ಬರೆದವು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಆಗಿನ ರ‍್ಯಾಂಕಿಂಗ್ ಲೆಕ್ಕ ನೋಡಿ. ಗೆದ್ದರೆ 3, ಡ್ರಾ ಆದರೆ 1, ಸೋತರೆ ಸೊನ್ನೆ. ಅದನ್ನು ಪಂದ್ಯದ ಮಹತ್ವದಿಂದ, ಎದುರಾಳಿಯ ಬಲದಿಂದ, ಖಂಡಕ್ಕೆ ಕೊಟ್ಟ ತೂಕದಿಂದ ಗುಣಿಸಬೇಕು. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಮಾಲ್ಡೀವ್ಸ್ ಎದುರು ಎರಡು ಗೋಲು ಹೊಡೆದು ಸೋತರೂ ಸೊನ್ನೆ, ಆಡದೆ ಮನೆಯಲ್ಲಿ ಕೂತರೂ ಸೊನ್ನೆ. ಭೂತಾನ್ ಕೊನೆಯಲ್ಲಿ ಇದ್ದಿದ್ದು ಕೆಟ್ಟದಾಗಿ ಆಡಿದ್ದಕ್ಕೆ ಎಷ್ಟೋ, ಆಡದೇ ಇದ್ದಿದ್ದಕ್ಕೂ ಅಷ್ಟೇ.

ಆ ಸ್ಥಿತಿಯಲ್ಲಿ ಅವರು ಮೊದಲ ಸಲ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಆಡಲು ಇಳಿದರು. ಫೀಫಾ ಸೇರಿ ಹದಿನೈದು ವರ್ಷವಾಗಿತ್ತು. ಎದುರಿಗೆ ಸಿಕ್ಕಿದ್ದು ಶ್ರೀಲಂಕಾ, 5–2ರಿಂದ ಹೊಡೆದಿದ್ದ ಅದೇ ತಂಡ.

ತಂಡದಲ್ಲಿ ಯಾರ‍್ಯಾರು ಇದ್ದರು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ನಾಯಕ ಕರ್ಮ ಶೆದ್ರುಪ್ ಷೆರಿಂಗ್ ಹೊಟ್ಟೆಪಾಡಿಗೆ ಡ್ರುಕ್ ಏರ್ ವಿಮಾನದ ಪೈಲಟ್. ಪಾರೋ ವಿಮಾನ ನಿಲ್ದಾಣ ಬೆಟ್ಟಗಳ ನಡುವಿನ ಕಿರಿದಾದ ಕಣಿವೆಯಲ್ಲಿದೆ. ಅಲ್ಲಿ ವಿಮಾನ ಇಳಿಸಲು ಬಲ್ಲ ಪೈಲಟ್‌ಗಳು ಜಗತ್ತಿನಲ್ಲೇ ಕಡಿಮೆ. ಅಂಥ ಕೆಲಸ ಮಾಡುವವನು ಬಿಡುವಿನ ವೇಳೆಯಲ್ಲಿ ದೇಶದ ರಕ್ಷಣಾ ಸಾಲು ಕಾಯುತ್ತಿದ್ದ. ಉಳಿದವರಲ್ಲಿ ಕೆಲವರು ವಿದ್ಯಾರ್ಥಿಗಳು. ಕೋಚ್ ಚೋಕಿ ನೀಮಾ, ಅಲ್ಲಿಯವರೇ.

ಮೊದಲ ಪಂದ್ಯ ಮಾರ್ಚ್ 12, ಕೊಲಂಬೊದ ಸುಗತದಾಸ ಕ್ರೀಡಾಂಗಣ. ಮಾರ್ಚ್ ತಿಂಗಳ ಕೊಲಂಬೊ ಸೆಖೆ ನಮ್ಮ ಮಂಗಳೂರಿನಂಥದ್ದೇ. ಬೆಟ್ಟದ ಹುಡುಗರು ಕೊನೆಯ ಹೊತ್ತಿಗೆ ಸುಸ್ತಾಗಿ ಬಿಟ್ಟುಕೊಡುತ್ತಾರೆ ಎಂದು ಯಾರಾದರೂ ಅಂದುಕೊಳ್ಳುವುದೇ. ಆದರೆ 84ನೇ ನಿಮಿಷದಲ್ಲಿ ಷೆರಿಂಗ್ ದೋರ್ಜಿ ಗೋಲು ಹೊಡೆದ. 1–0.

ಐದು ದಿನದ ಮೇಲೆ ಥಿಂಪುವಿನಲ್ಲಿ ಎರಡನೇ ಪಂದ್ಯ. ಶುರುವಿನಲ್ಲೇ ಏಳನೇ ನಂಬರಿನ ಹುಡುಗ ಚೆಂಚೊ ಗೆಲ್ಟ್‌ಶೆನ್ ಗೋಲು ಹೊಡೆದ. ವಿರಾಮಕ್ಕೆ ಮುಂಚೆ ಶ್ರೀಲಂಕಾ ಸಮ ಮಾಡಿತು. ಹೊರಗಿನ ಗೋಲಿನ ನಿಯಮ ಇದ್ದ ಕಾಲ ಅದು: ಎರಡು ಪಂದ್ಯ ಸೇರಿ ಗೋಲು ಸಮವಾದರೆ ಎದುರಾಳಿಯ ಊರಲ್ಲಿ ಹೆಚ್ಚು ಗೋಲು ಹೊಡೆದವರೇ ಮುಂದಕ್ಕೆ. ಶ್ರೀಲಂಕಾ ಇನ್ನೊಂದು ಗೋಲು ಹೊಡೆದಿದ್ದರೆ ಭೂತಾನ್ ಮನೆಗೆ. ಅರ್ಧ ಗಂಟೆಗೂ ಮೀರಿ ಇಡೀ ಕ್ರೀಡಾಂಗಣ ಒಂದೇ ಗೋಲಿನ ದೂರದಲ್ಲಿ ನಿಂತಿತ್ತು. ಸುತ್ತ ಬೆಟ್ಟ, ಗ್ಯಾಲರಿಯ ಒಂದು ಬದಿಗೆ ಚಿತ್ತಾರದ ಮರಗೆಲಸದ ರಾಜಮಂಟಪ, ಕೆಳಗೆ ಸೋಲಬಾರದೆಂದು ಓಡುವ ಹನ್ನೊಂದು ಮಂದಿ. 90ನೇ ನಿಮಿಷದಲ್ಲಿ ಮತ್ತೆ ಚೆಂಚೊ. 2–1, ಒಟ್ಟು 3–1.

ಲೆಕ್ಕ ಮುಂದುವರಿಸೋಣ. ವಿಶ್ವಕಪ್ ಅರ್ಹತಾ ಪಂದ್ಯದ ಮಹತ್ವ 2.5. ಪಟ್ಟಿಯಲ್ಲಿ 150ರಿಂದ ಕೆಳಗಿನ ಎದುರಾಳಿಗೆ ಕನಿಷ್ಠ ಬಲ 50. ಏಷ್ಯಾದ ತೂಕ 0.85. ಗೆಲುವಿನ 3 ಸೇರಿಸಿ ಗುಣಿಸಿದರೆ ಪಂದ್ಯಕ್ಕೆ ಸುಮಾರು 318 ಅಂಕ. ಎರಡು ಗೆಲುವಿಗೆ ಸುಮಾರು 637. ವರ್ಷಕ್ಕೆ ಐದು ಪಂದ್ಯವೂ ಆಡದವರಿಗೆ ಅದನ್ನು ಐದರಿಂದಲೇ ಭಾಗಿಸುತ್ತಿದ್ದರು, ಹಾಗಾಗಿ ಉಳಿದಿದ್ದು 127ರ ಆಸುಪಾಸು. ಅಷ್ಟಕ್ಕೇ ಭೂತಾನ್ 209ರಿಂದ 163ಕ್ಕೆ ಹಾರಿತು. ಐದು ದಿನದಲ್ಲಿ 46 ದೇಶಗಳು ಹಿಂದೆ. ಐದು ದಿನದಲ್ಲಿ ಯಾವ ತಂಡವೂ ಅಷ್ಟು ಸುಧಾರಿಸುವುದಿಲ್ಲ. ಆಡಿದರು, ಲೆಕ್ಕಕ್ಕೆ ಬಂದರು, ಅಷ್ಟೇ.

ಮುಂದಿನ ಸುತ್ತಿನಲ್ಲಿ ಕತಾರ್, ಚೀನಾ, ಹಾಂಗ್‌ಕಾಂಗ್, ಮಾಲ್ಡೀವ್ಸ್ ಎದುರು ಎಂಟು ಪಂದ್ಯ. ಎಂಟನ್ನೂ ಸೋತರು. ಸುದ್ದಿ ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಪುಟ ತಿರುಗಿಸಿದರು. ನಾನು ನಿಮ್ಮನ್ನು ಇಲ್ಲೇ ಸ್ವಲ್ಪ ನಿಲ್ಲಿಸುತ್ತೇನೆ. ಸ್ಕೋರುಗಳನ್ನು ಜೋಡಿ ಜೋಡಿಯಾಗಿ ನೋಡಿ. ಕತಾರ್ ಎದುರು ದೋಹಾದಲ್ಲಿ 15–0, ಥಿಂಪುವಿನಲ್ಲಿ 3–0. ಹಾಂಗ್‌ಕಾಂಗ್‌ನಲ್ಲಿ 7–0, ಥಿಂಪುವಿನಲ್ಲಿ ಬರೀ 1–0. ಚೀನಾದಲ್ಲಿ 12–0, ಥಿಂಪುವಿನಲ್ಲಿ 6–0. ಮಾಲ್ಡೀವ್ಸ್ ಎದುರು ಮಾಲೆಯಲ್ಲಿ 4–2, ಥಿಂಪುವಿನಲ್ಲಿ 4–3. ಒಟ್ಟು ಬಿಟ್ಟುಕೊಟ್ಟ 52 ಗೋಲಿನಲ್ಲಿ ಮನೆಯಲ್ಲಿ 14, ಹೊರಗೆ 38. ದೋಹಾದಲ್ಲಿ ಆಡಿದ ತಂಡವೂ ಥಿಂಪುವಿನಲ್ಲಿ ಆಡಿದ ತಂಡವೂ ಒಂದೇ ಎಂದು ಹೇಳಿದರೆ ನಂಬುವುದು ಕಷ್ಟ.

ಇದಕ್ಕೆ ಎತ್ತರ ಒಂದು ಕಾರಣ. 2,300 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಮುಕ್ಕಾಲು ಪಾಲು. ಪ್ರತಿ ಉಸಿರಿಗೂ ನಾಲ್ಕರಲ್ಲೊಂದು ಪಾಲು ಆಮ್ಲಜನಕ ಕಡಿಮೆ. ದೇಹ ಹೊಂದಿಕೊಳ್ಳಲು ವಾರಕ್ಕೂ ಜಾಸ್ತಿ ಬೇಕು, ಎರಡು ದಿನ ಮುಂಚೆ ಬಂದಿಳಿದ ತಂಡಕ್ಕೆ ಅಷ್ಟು ಪುರಸೊತ್ತಿಲ್ಲ. ಒಮ್ಮೆ ಜೋರಾಗಿ ಓಡಿದವನು ಇನ್ನೊಮ್ಮೆ ಓಡಲು ಕಾಯಬೇಕು. ತೆಳು ಗಾಳಿಯಲ್ಲಿ ಚೆಂಡು ಅಂದುಕೊಂಡಿದ್ದಕ್ಕಿಂತ ದೂರ ಹೋಗುತ್ತದೆ, ತಿರುವು ಕಡಿಮೆ. ಬೆಂಗಳೂರು ಇರುವುದು 900 ಮೀಟರ್ ಮೇಲೆ ಚೂರು. ಇಲ್ಲಿನ ಗಾಳಿಯಿಂದ ಭೂತಾನ್ ಹುಡುಗರಿಗೆ ಅಂಥ ಲಾಭವೇನಿಲ್ಲ.

ಹಾಗಂತ ಎಲ್ಲವನ್ನೂ ಎತ್ತರದ ತಲೆಗೆ ಕಟ್ಟಲು ನಾನು ತಯಾರಿಲ್ಲ. ಎತ್ತರವೊಂದೇ ಸಾಕಿದ್ದರೆ ಚೀನಾ ಅಲ್ಲಿ ಆರು ಗೋಲು ಹೊಡೆಯುತ್ತಿರಲಿಲ್ಲ. ಕೊಲಂಬೊದ ಗೆಲುವಿಗೂ ಎತ್ತರಕ್ಕೂ ಸಂಬಂಧವಿಲ್ಲ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ ಜನಸಂಖ್ಯೆ ಮತ್ತು ಪಂದ್ಯಗಳ ಬರ. ದೇಶದ ಜನ ಒಟ್ಟು ಏಳೂವರೆ ಲಕ್ಷದ ಆಸುಪಾಸು, ಮೈಸೂರು ನಗರಕ್ಕಿಂತ ಕಡಿಮೆ. ಅದರಲ್ಲಿ ಇಪ್ಪತ್ತರಿಂದ ಮೂವತ್ತು ವಯಸ್ಸಿನ ಗಂಡುಮಕ್ಕಳು ಎಷ್ಟು, ಫುಟ್‌ಬಾಲನ್ನೇ ನೆಚ್ಚಿಕೊಳ್ಳುವವರು ಎಷ್ಟು, ನೀವೇ ಲೆಕ್ಕ ಹಾಕಿ. ಅವರೂ ವರ್ಷಗಟ್ಟಲೆ ಸುಮ್ನೆ ಕೂತು ಆಮೇಲೆ ನೇರವಾಗಿ ಕತಾರ್ ಮುಂದೆ ನಿಲ್ಲಬೇಕು.

ಆಡುತ್ತಾ ಬಂದಾಗ ಏನಾಗುತ್ತದೆ ಅನ್ನೋದಕ್ಕೆ ಬಾಂಗ್ಲಾದೇಶದವರನ್ನು ಕೇಳಿ. ಆ ಎಂಟು ಪಂದ್ಯಗಳ ಪೆಟ್ಟು ಮುಗಿದ ಅದೇ ವರ್ಷ, 2016ರ ಅಕ್ಟೋಬರ್ 10ರಂದು, ಏಷ್ಯಾ ಕಪ್ ಅರ್ಹತೆಯ ಪ್ಲೇ-ಆಫ್. ಢಾಕಾದಲ್ಲಿ 0–0 ಆಗಿತ್ತು. ಥಿಂಪುವಿನಲ್ಲಿ ಭೂತಾನ್ 3–1ರಿಂದ ಗೆದ್ದಿತು. ಚೆಂಚೊ ಎರಡು ಗೋಲು. ಆ ಸೋಲಿನ ನಂತರ ಬಾಂಗ್ಲಾದೇಶಕ್ಕೆ ಸುಮಾರು ಒಂದೂವರೆ ವರ್ಷ ಅಂತರರಾಷ್ಟ್ರೀಯ ಪಂದ್ಯವೇ ಇರಲಿಲ್ಲ. ನೀವು ಕಂಠೀರವದಲ್ಲಿ ನೋಡಿದ್ದು ಆ ಎರಡು ತಂಡಗಳ ನಡುವಿನ ಪಂದ್ಯವನ್ನೇ. ಬಾಂಗ್ಲಾದವರು ಮೂರು ಗೋಲಾದ ಮೇಲೆ ಅಷ್ಟು ಕುಣಿದಿದ್ದಕ್ಕೆ ಈ ಹಳೆಯ ಲೆಕ್ಕವೂ ಕಾರಣ ಇರಬಹುದು ಎಂದು ನನ್ನ ಗುಮಾನಿ.

ಮತ್ತೆ ಇಳಿತ. 2017ರಲ್ಲಿ ಒಮಾನ್‌ನಲ್ಲಿ 14–0. 2019ರಲ್ಲಿ ಗುವಾಮ್ ಎದುರು ಥಿಂಪುವಿನಲ್ಲಿ 1–0 ಗೆಲುವು, ಐದು ದಿನದ ನಂತರ ಗುವಾಮ್‌ನಲ್ಲಿ 5–0 ಸೋಲು, ವಿಶ್ವಕಪ್ ದಾರಿ ಬಂದ್. ಆಮೇಲೆ ಕೊರೊನಾ. ಭೂತಾನ್ ಗಡಿ ಮುಚ್ಚಿ ಕೂತಿತು, 2021ರ ಸ್ಯಾಫ್‌ಗೂ ಬರಲಿಲ್ಲ. ನೀವು 2023ರಲ್ಲಿ ನೋಡಿದ್ದು ಆ ಬರಗಾಲದಿಂದ ಎದ್ದು ಬಂದ ತಂಡವನ್ನು. ಮಾಲ್ಡೀವ್ಸ್ ಎದುರು 2–0, ಲೆಬನಾನ್ ಎದುರು 4–1, ಕೊನೆಗೆ ನೀವು ನೋಡಿದ 3–1, ಮೂರೂ ಸೋಲು. ಆ ಪಂದ್ಯದ ಒಂದು ಗೋಲು ಭೂತಾನ್ ಆಟಗಾರನೇ ತನ್ನ ಬಲೆಗೆ ಸೇರಿಸಿದ್ದು, ನೆನಪಿರಬೇಕು ನಿಮಗೆ.

ಚೆಂಚೊ ಬಗ್ಗೆ ಇನ್ನೆರಡು ಮಾತು, ಯಾಕೆಂದರೆ ಆತ ನಮ್ಮ ಊರಿನವನೂ ಹೌದು, ಸ್ವಲ್ಪ ಕಾಲಕ್ಕೆ. ಅಲ್ಲಿನ ಜನ ಅವನನ್ನು ‘ಭೂತಾನಿನ ರೊನಾಲ್ಡೊ’ ಎನ್ನುತ್ತಾರೆ. ಥಾಯ್ಲೆಂಡ್, ಬಾಂಗ್ಲಾದೇಶ ಸುತ್ತಿ 2017ರಲ್ಲಿ ಭಾರತದ ಮಿನರ್ವ ಪಂಜಾಬ್ ಕ್ಲಬ್ ಸೇರಿದ, ಆ ಸೀಸನ್ನಿನಲ್ಲೇ ಐ-ಲೀಗ್ ಗೆದ್ದ. ಮುಂದಿನ ಸೀಸನ್ನಿಗೆ ಬೆಂಗಳೂರು ಎಫ್‌ಸಿ ಕರೆಸಿಕೊಂಡಿತು. ಹತ್ತು ವರ್ಷದ ಹಿಂದೆ ಮಾಲೆಯಲ್ಲಿ ಭೂತಾನ್ ಎದುರು ಸಮ ಮಾಡಿದ್ದ ಸುನಿಲ್ ಛೆಟ್ರಿಯೇ ಇಲ್ಲಿ ನಾಯಕ. ಆಡುವ ಅವಕಾಶ ಹೆಚ್ಚೇನೂ ಸಿಗಲಿಲ್ಲ. ಮುಂದೆ ಕೇರಳ ಬ್ಲಾಸ್ಟರ್ಸ್‌ಗೂ ಆಡಿದ. ಹೊರದೇಶದ ಲೀಗಿನಲ್ಲಿ ದುಡಿದು ತಿನ್ನಬಹುದು ಎಂದು ಥಿಂಪುವಿನ ಹುಡುಗರಿಗೆ ತೋರಿಸಿದವನು ಅವನೇ.

ಇನ್ನೊಂದು ವಿಷಯ ಮಗಳಿಗೆ ಹೇಳಿ. ನೀವು ಕಂಠೀರವದಿಂದ ಮನೆಗೆ ಹೋದ ನಾಲ್ಕು ತಿಂಗಳಿಗೆ, 2023ರ ಅಕ್ಟೋಬರ್‌ನಲ್ಲಿ, ಇದೇ ತಂಡ ವಿಶ್ವಕಪ್ ಅರ್ಹತೆಗಾಗಿ ಹಾಂಗ್‌ಕಾಂಗ್ ಎದುರು ಆಡಿತು. ಅಲ್ಲಿ 4–0ರಿಂದ ಸೋತು ಬಂದರು. ಐದು ದಿನದ ಮೇಲೆ ಚಾಂಗ್ಲಿಮಿಥಾಂಗ್‌ನಲ್ಲಿ ಅದೇ ಹಾಂಗ್‌ಕಾಂಗನ್ನು 2–0ರಿಂದ ಸೋಲಿಸಿದರು. ಒಟ್ಟು ಲೆಕ್ಕದಲ್ಲಿ 4–2, ಹೊರಬಿದ್ದರು. ಆದರೂ ಆ ಸಂಜೆ ಮೈದಾನದಲ್ಲಿ ಗೆದ್ದಿದ್ದು ಭೂತಾನ್.